ಶಾಂತಮಲ್ಲನ ದನಿ

ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸೀರೆಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿಕೊಡುವ ಗಂಗಾಂಬಿಕಾ ಒಬ್ಬ ಮಹಾ ಸುಳ್ಳುಗಾರನನ್ನು ಹುಟ್ಟಿಸಿದವಳು ಎಂದರೆ ಆ ಓಣಿಯವರು ಯಾರೂ ನಂಬುತ್ತಿರಲಿಲ್ಲ. ಅವಳದು ಮಾತು ಕಡಿಮೆ. ಹೇಳಿದ ದಿನಕ್ಕೆ ಸೀರೆ ತಯಾರು. ಗಿರಾಕಿ ಹೆಚ್ಚು ಚೌಕಾಸಿಗೆ ಇಳಿದರೆ ನಕ್ಕು ಸುಮ್ಮನಾಗುವ ಹೆಂಗಸು. ಸಂಗತಿ ಗೊತ್ತಿದ್ದದ್ದು ಅವಳ ಗಂಡ ಸದಾಶಿವನಿಗೆ ಮಾತ್ರ. ಅವನು ಗೂಡ್ಸ್ ರಿಕ್ಷಾ ಹೊಡೆಯುವವನು, ಹೆಂಡತಿಯ ಗುಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಬಲ್ಲವನು.

ಕೊರೋನಾ ಲಾಕ್‌ಡೌನಿನಲ್ಲಿ ಮದುವೆಗಳು ನಿಂತು, ಸೀರೆಗಳೇ ಬಾರದೆ, ಬೇಸರ ಕಳೆಯಲು ಶುರುಮಾಡಿದ ಕೆಲಸ ಅದು. ಫೋನಿನಲ್ಲಿ ಕತೆ ಓದುವ ಒಂದು ಆ್ಯಪಿತ್ತು. ಬರೆಯುವವರಿಗೂ ಅಲ್ಲಿ ಜಾಗವಿತ್ತು. ಗಂಗಾಂಬಿಕಾ ‘ಅಗ್ನಿಶಿಖಾ’ ಎಂಬ ಹೆಸರಿನಲ್ಲಿ ‘ನೀಲಗಡದ ಏಳು ಬಾಗಿಲು’ ಎಂಬ ಧಾರಾವಾಹಿ ಆರಂಭಿಸಿದಳು. ಏಳು ಬಾಗಿಲಿನ ಕೋಟೆ, ಒಂದೊಂದು ಬಾಗಿಲಿಗೆ ಒಬ್ಬೊಬ್ಬ ಮಾಂತ್ರಿಕ, ರೆಕ್ಕೆಯ ಹುಲಿ, ಕಳೆದುಹೋದ ಕಿರೀಟ ಹುಡುಕುತ್ತ ಹೊರಟ ಯುವರಾಜ ವಜ್ರಕೇತು. ಮುಂದೆ ಸೀರೆಗಳು ಮತ್ತೆ ಬರತೊಡಗಿದ ಮೇಲೂ ಕತೆ ನಿಲ್ಲಲಿಲ್ಲ. ಕುಚ್ಚು ಕಟ್ಟುವಾಗ ಕೈಗಷ್ಟೇ ಕೆಲಸ, ಬಾಯಿ ಖಾಲಿ. ಫೋನನ್ನು ದಾರದ ಡಬ್ಬಿಗೆ ಒರಗಿಸಿಟ್ಟು ಅವಳು ಕತೆ ಹೇಳುತ್ತ ಹೋಗುವಳು. ಫೋನು ಅದನ್ನು ಅಕ್ಷರ ಮಾಡುತ್ತ ಹೋಗುವುದು. ‘ರಾಜಗುರು’ ಎಂದರೆ ಅದು ‘ರಾಜ ಕುರಿ’ ಎಂದು ಬರೆದುಕೊಳ್ಳುತ್ತಿತ್ತು. ಅಡುಗೆ ಮುಗಿಸಿದ ಮೇಲೆ ಕೂತು ಕುರಿಗಳನ್ನೆಲ್ಲ ಗುರುಗಳನ್ನಾಗಿ ತಿದ್ದಬೇಕಾಗುತ್ತಿತ್ತು.

ಮೊದಲಿಗೆ ಕತೆಯ ಖಳ ಭೈರವಾಸುರ ಎಂಬ ದೈತ್ಯನಾಗಿದ್ದ. ಬೆಂಕಿ ಉಗುಳುವವನು, ಊರು ಸುಡುವವನು. ಓದುಗರು ಆಕಳಿಸಿದರು. ಒಂದು ಕಂತಿನಲ್ಲಿ, ರಾಜನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಮಂತ್ರಿಗೆ ಅವಳು ನಾಲ್ಕು ಮಾತು ಕೊಟ್ಟಳು. ಹೆಸರು ಶಾಂತಮಲ್ಲ. ಅವನು ಹೆಗಲ ಮೇಲಿನ ಶಲ್ಯ ತೆಗೆದು, ನಾಲ್ಕು ಮಡಿಕೆ ಮಾಡಿ ಮೊಣಕಾಲ ಮೇಲೆ ಇಟ್ಟುಕೊಂಡು, ರಾಜ ಎರಡು ಸಲ ಕೇಳುವ ತನಕ ಕಾದು, ಆಮೇಲೆ ತಗ್ಗಿದ ದನಿಯಲ್ಲಿ, "ನಾನು ಹೇಳುವುದು ಬೇಡ ಪ್ರಭು, ತಾವೇ ನೋಡಿ" ಎಂದ. ರಾಜ ನೋಡಿದ. ಶಾಂತಮಲ್ಲ ಏನನ್ನು ಕಾಣುವಂತೆ ಇಟ್ಟಿದ್ದನೋ ಅದನ್ನೇ ನೋಡಿದ. ಕಂಡದ್ದನ್ನು ನಂಬಿ ತನ್ನ ಸ್ವಂತ ತಮ್ಮನನ್ನು ಸೆರೆಮನೆಗೆ ಹಾಕಿದ. ಶಾಂತಮಲ್ಲನ ಬಾಯಿಂದ ಒಂದೇ ಒಂದು ಸುಳ್ಳು ಹೊರಬಿದ್ದಿರಲಿಲ್ಲ. ಸುಳ್ಳು ಹುಟ್ಟಿದ್ದು ಕೇಳಿದವನ ತಲೆಯೊಳಗೆ.

ಅಲ್ಲಿಂದ ಓದುಗರು ಎಚ್ಚರಾದರು. ಇವನು ಮತ್ತೆ ಯಾವಾಗ ಬರುತ್ತಾನೆ, ಇವನು ಅಂದದ್ದರಲ್ಲಿ ಯಾವುದು ನಿಜ ಎಂದು ಕೇಳತೊಡಗಿದರು. ಭೈರವಾಸುರ ಒಂದು ಮೂಲೆ ಸೇರಿದ. ಕತ್ತಿ ಹಿಡಿದವನು ಎದುರಿಗೆ ಬರುವಾಗ ಓಡಬಹುದು. ಪಕ್ಕದಲ್ಲಿ ಕೂತು ನಮ್ಮ ಒಳ್ಳೆಯದಕ್ಕೇ ಮಾತಾಡುವವನಿಂದ ಓಡುವುದು ಎಲ್ಲಿಗೆ? ಆ ಹೆದರಿಕೆ ಜನಕ್ಕೆ ರುಚಿಸಿತು. "ಮೇಡಂ, ಇಂಥ ಸುಳ್ಳುಗಾರ ನಿಮಗೆ ಎಲ್ಲಿ ಸಿಕ್ಕಿದ?" ಎಂದು ಯಾರೋ ಒಬ್ಬರು ಬರೆದಿದ್ದರು. ಗಂಗಾಂಬಿಕಾ ಅದಕ್ಕೆ ಉತ್ತರ ಬರೆಯಲಿಲ್ಲ.

ಅವನು ಸಿಕ್ಕದ್ದು ಅವಳ ತವರಿನಲ್ಲಿ, ಬನವಾಸಿ ಹತ್ತಿರದ ಹಳ್ಳಿಯಲ್ಲಿ. ಅವಳ ಕಾಕಾ ದ್ಯಾಮಪ್ಪ ದನದ ದಲ್ಲಾಳಿ. ಅಪ್ಪ, ಅವ್ವ ಬೇಗ ತೀರಿಹೋದ ಮೇಲೆ ಅವಳನ್ನು ಸಾಕಿದ್ದು ಕಾಕಾ ಮತ್ತು ಅವನ ಹೆಂಡತಿ, ಚಿಗವ್ವ ಸಿದ್ದವ್ವ. ಶಾಲೆಗೆ ರಜೆ ಇದ್ದಾಗ ಕಾಕಾನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಅವಳು ಎಷ್ಟು ಊರಿನ ಕೊಟ್ಟಿಗೆ ನೋಡಿದ್ದಾಳೋ. ಕಾಕಾ ವ್ಯಾಪಾರಕ್ಕೆ ಕೂತರೆ ಹೆಗಲ ಮೇಲಿನ ಟವೆಲ್ ತೆಗೆದು, ಮಡಿಚಿ, ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದ. ಎರಡು ಸಲ ಕೇಳಿದ ಹೊರತು ಆಕಳಿನ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಕೇಳಿದ ಮೇಲೂ, "ನಾ ಹೇಳೂದು ಬ್ಯಾಡ, ನೀವೇ ನೋಡ್ರಿ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಕೊಳ್ಳಲು ಬಂದವರ ಕೈಗೇ ತಂಬಿಗೆ ಕೊಡುತ್ತಿದ್ದ. ಸಂಜೆಯೊಮ್ಮೆ, ಬೆಳಗಾಗಿ ಒಮ್ಮೆ ಅವರೇ ಹಿಂಡಿ ನೋಡಬೇಕು. ಮತ್ತಿಘಟ್ಟದ ಸೀತಾರಾಮ ಹೆಗಡೆಯವರು ಹಾಗೆ ಒಂದು ರಾತ್ರಿ ಕಾಕಾನ ಮನೆಯ ಜಗಲಿಯಲ್ಲೇ ಮಲಗಿ, ಬೆಳಿಗ್ಗೆ ಹಿಂಡಿ ನೋಡಿ ಆಕಳು ಹೊಡೆದುಕೊಂಡು ಹೋಗಿದ್ದರು. ಮುಂದಿನ ವರ್ಷ ಬಂದಾಗ ಜೊತೆಗಿದ್ದ ಭಾವನಿಗೆ, "ದ್ಯಾಮಪ್ಪ ಅಡ್ಡಿಲ್ಲೆ ಅಂದ್ರೆ ಆತು, ಆನು ಕಣ್ಣು ಮುಚ್ಚಿ ತಗತ್ತೆ" ಎಂದಿದ್ದನ್ನು ಗಂಗಾಂಬಿಕಾ ಕಿವಿಯಾರೆ ಕೇಳಿದ್ದಳು.

ಆ ನಂಬಿಕೆಯನ್ನೇ ಅವಳು ತಿರುವು ಹಾಕಿ ಶಾಂತಮಲ್ಲನಿಗೆ ತೊಡಿಸಿದ್ದಳು. ಕಾಕಾನಲ್ಲಿ ಸಂಕೋಚವಾಗಿದ್ದದ್ದು ಮಂತ್ರಿಯಲ್ಲಿ ಹೊಂಚಾಯಿತು. ಕಾಕಾನ ಟವೆಲ್ ಶಲ್ಯವಾಯಿತು. ಬರೆಯುವಾಗ ಅವಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕಾಕಾಗೆ ಫೋನಿನಲ್ಲಿ ಹಸಿರು ಗುಂಡಿ ಒತ್ತಿ ಮಾತಾಡುವುದಷ್ಟೇ ಬರುತ್ತಿತ್ತು. ಕತೆ ಅವನ ತನಕ ಹೋಗುವುದಾದರೂ ಹೇಗೆ?

ಹೋದದ್ದು ದನಿಯಾಗಿ. ಧಾರಾವಾಹಿಗೆ ಓದುಗರು ಹೆಚ್ಚಿದ ಮೇಲೆ ಕಂಪನಿಯವರು ಅದನ್ನು ಕೇಳುವ ಕತೆಯಾಗಿಯೂ ಮಾಡುತ್ತೇವೆಂದರು. ಎಲ್ಲ ಪಾತ್ರಗಳಿಗೂ ದನಿ ಕೊಡಲು ಆರಿಸಿದ್ದು ಯಲ್ಲಾಪುರದ ಸುನೀಲ ಎಂಬ ಹುಡುಗನನ್ನು. ಅವನು ಮನೆಯ ಕಪಾಟಿನ ಬಾಗಿಲು ತೆಗೆದು, ಸುತ್ತ ಕಂಬಳಿ ಇಳಿಬಿಟ್ಟುಕೊಂಡು ರೆಕಾರ್ಡ್ ಮಾಡುವವನು. ಒಳ್ಳೆಯ ಹುಡುಗ, ಕೆಲಸದಲ್ಲಿ ಶ್ರದ್ಧೆ. "ಅಕ್ಕಾ, ಉಳಿದೋರೆಲ್ಲ ಸಿಕ್ಕಿದ್ರು. ಈ ಶಾಂತಮಲ್ಲ ಹೆಂಗೆ ಮಾತಾಡ್ತಾನೆ ಅಂತ ಗೊತ್ತಾಗ್ತಾ ಇಲ್ಲ. ನಾ ಮಾಡಿದ್ರೆ ನಾಟಕದ ಶಕುನಿ ಆಗ್ತಾನೆ," ಎಂದು ಫೋನು ಮಾಡಿದ.

ಗಂಗಾಂಬಿಕಾ ಆವತ್ತು ಮಧ್ಯಾಹ್ನ ಕಾಕಾಗೆ ಫೋನು ಹಚ್ಚಿದಳು. ಹಚ್ಚುವ ಮೊದಲು ಮಾತು ರೆಕಾರ್ಡ್ ಆಗುವ ಹಾಗೆ ಮಾಡಿಕೊಂಡಳು.

"ಏನವ್ವ, ಆರಾಮ ಅದೀಯಿಲ್ಲ? ಇಷ್ಟೊತ್ತಿನ್ಯಾಗ ಮಾಡೀಯಲ್ಲ?" ಕಾಕಾಗೆ ಗಾಬರಿ.

"ಆರಾಮ ಅದೇನಿ ಕಾಕಾ. ಸುಮ್ನ ನಿನ್ನ ದನಿ ಕೇಳಬೇಕು ಅನ್ನಿಸ್ತು."

ಅದು ನಿಜವೇ. ಒಂದಕ್ಷರವೂ ಸುಳ್ಳಲ್ಲ. ಕಾಕಾ ಕರಗಿಹೋದ. ಅವನಿಗೆ ಹೆಣ್ಣುಮಕ್ಕಳಿರಲಿಲ್ಲ, ಅಣ್ಣನ ಮಗಳು ದನಿ ಕೇಳಬೇಕೆಂದು ಫೋನು ಮಾಡಿದಳೆಂಬುದೇ ಅವನಿಗೆ ಹೋಳಿಗೆ ಊಟ. ಅದೂ ಇದೂ ಮಾತಾಡಿದ ಮೇಲೆ ಅವಳು ಕೇಳಿದಳು: "ಕಾಕಾ, ನಿನಗ ಯಾರಾದ್ರೂ ಕುದುರಿ ಮಾರಿಕೊಡು ಅಂದ್ರ ಹ್ಯಾಂಗ ಮಾತಾಡ್ತಿ?"

"ಕುದುರಿ ಎಲ್ಲಿಂದ ತರ್ಲೆವ್ವ ನಾ?" ಅವನು ಮನಸ್ಸು ಬಿಟ್ಟು ನಕ್ಕ. ಆಮೇಲೆ ತಮಾಷೆಗೆಂದೇ ಶುರುಮಾಡಿ, ತನಗರಿಯದೆ ತನ್ನ ವ್ಯಾಪಾರದ ದನಿಗೆ ಇಳಿದ. "ಮೊದಲ ಅದರ ದೋಷ ಹೇಳ್ಬೇಕು. ಗುಣ ಅವರಿಗೇ ಕಾಣತೈತಿ. ನೋಡವ್ವ, ಕುದುರಿ ಕಾಲಿಗೆ ಸುಳ್ಳ ಹೇಳಾಕ ಬರೂದಿಲ್ಲ, ಮನಶ್ಯಾನ ನಾಲಿಗಿಗೆ ಬರತೈತಿ. ಅದಕ್ಕ ನನ್ನ ನಾಲಿಗಿ ನೋಡಬ್ಯಾಡ್ರಿ, ಅದರ ಕಾಲು ನೋಡ್ರಿ ಅಂತೀನಿ."

ಎಷ್ಟು ಚಂದದ ಮಾತು! ಶಾಂತಮಲ್ಲನದು ಈ ದನಿ, ಹೀಗೇ ಮಾಡು ಎಂದು ಅವಳು ಆ ರೆಕಾರ್ಡನ್ನು ಸುನೀಲನಿಗೆ ಕಳಿಸಿದಳು. ಮಾತನ್ನು ಮುಂದಿನ ಕಂತಿಗೆ ಇಳಿಸಿದಳು. ಆ ಕಂತಿನಲ್ಲಿ ವಜ್ರಕೇತು ಮರಳುಗಾಡು ದಾಟಲು ಕುದುರೆ ಆರಿಸುತ್ತಾನೆ. ಶಾಂತಮಲ್ಲ ಕಪ್ಪು ಕುದುರೆಯ ಮೈ ಸವರಿ, "ಇದು ಬೇಡ ಯುವರಾಜ, ಇದರ ನಡೆ ಸರಿಯಿಲ್ಲ. ನನ್ನ ನಾಲಿಗೆ ನೋಡಬೇಡಿ, ಅದರ ಕಾಲು ನೋಡಿ" ಎನ್ನುತ್ತಾನೆ. ಕುದುರೆ ಕಾಲು ಎಳೆಯುವಂತೆ ಅದರ ಗೊರಸಿಗೆ ಅವನೇ ಹರಳು ಸಿಕ್ಕಿಸಿರುತ್ತಾನೆ. ಯುವರಾಜ ಬಿಳಿ ಕುದುರೆ ಹತ್ತಿ ಕಮರಿಗೆ ಬೀಳುತ್ತಾನೆ. ಕಪ್ಪು ಕುದುರೆಯೇ ಆ ನಾಡಿನ ಶ್ರೇಷ್ಠ ಕುದುರೆಯಾಗಿತ್ತೆಂದು ಕೊನೆಗೆ ತಿಳಿಯುತ್ತದೆ.

ಸುನೀಲನ ಬಾಯಲ್ಲಿ ಶಾಂತಮಲ್ಲ ಮಾತಾಡಿದಾಗ ಗಂಗಾಂಬಿಕಾಳ ಮೈ ಜುಮ್ಮೆಂದಿತು. ಕಾಕಾನೇ ರಾಜಸಭೆಯಲ್ಲಿ ನಿಂತ ಹಾಗಿತ್ತು. ಅದೇ ತಗ್ಗು ದನಿ, ಮಾತಿನ ನಡುವೆ ಅದೇ ಗಂಟಲು ಸರಿಮಾಡಿಕೊಳ್ಳುವಿಕೆ. ಆ ಕಂತು ಗಾಡಿಗಳಲ್ಲಿ, ಗ್ಯಾರೇಜುಗಳಲ್ಲಿ, ಹಾಲಿನ ಡೇರಿಗಳಲ್ಲಿ ಓಡಾಡಿತು. ‘ಶಾಂತಮಲ್ಲ ಬೇಡ ಅಂದದ್ದನ್ನೇ ತಗೋ’ ಎಂಬುದು ಹುಡುಗರ ಬಾಯಲ್ಲಿ ಗಾದೆಯಂತಾಯಿತು. ಸದಾಶಿವ ಮಾತ್ರ ರಿಕ್ಷಾದಲ್ಲಿ ಅದನ್ನು ಕೇಳಿ ಮನೆಗೆ ಬಂದವನು, "ಇದು ಕಾಕಾಂದೇ ದನಿ ಅಲ್ಲೇನ? ಅವರನ್ನ ಒಂದು ಮಾತು ಕೇಳಿದ್ದೇನು?" ಎಂದ. ಅವಳು ಸೂಜಿಗೆ ದಾರ ಪೋಣಿಸುತ್ತ, "ಕತಿ ಅಲ್ಲೇನ್ರೀ ಅದು" ಎಂದಳು.

ಅದಾಗಿ ಕೆಲವು ವಾರಕ್ಕೆ ಕಾಕಾನೇ ಫೋನು ಮಾಡಿದ. ದನಿಯಲ್ಲಿ ತಮಾಷೆ ಇತ್ತು. "ಗಂಗವ್ವ, ನೀ ಓದಾಕಿ ಅದೀ, ಹೇಳು. ಡೇರಿ ಹುಡುಗರು ನನ್ನ ನೋಡಿದ್ರ ಶಾಂತಮಲ್ಲ ಬಂದ, ಶಾಂತಮಲ್ಲ ಬಂದ ಅಂತಾವ. ಯಾರವ್ವ ಅಂವ?"

ಅವಳು ಕುಚ್ಚು ಕೆಳಗಿಟ್ಟಳು. "ಒಂದು ಕತಿಯೊಳಗಿನ ಮಂತ್ರಿ ಕಾಕಾ."

"ಮಂತ್ರಿ! ಛಲೋ ಮಂತ್ರಿ ಏನು?"

"ಭಾಳ ಶ್ಯಾಣ್ಯಾ ಮಂತ್ರಿ. ಎಲ್ಲಾರೂ ಅವನ ಮಾತ ಕೇಳ್ತಾರ."

"ಹಂಗಾದ್ರ ಅನ್ಲಿ ಬಿಡು," ಕಾಕಾ ನಕ್ಕ. "ಇಷ್ಟು ದಿನಕ್ಕ ಒಂದು ಪದವಿ ಬಂತು."

ಫೋನಿಟ್ಟ ಮೇಲೆ ಅವಳು ತಾನಾಡಿದ ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಎಲ್ಲವೂ ನಿಜ. ಶಾಂತಮಲ್ಲನೂ ಇದನ್ನೇ, ಹೀಗೆಯೇ ಹೇಳುತ್ತಿದ್ದ. ನಾಳೆ ಕಾಕಾಗೆ ಹೇಳಿಬಿಡಬೇಕು ಎಂದುಕೊಂಡಳು. ಮರುದಿನ ಮದುವೆ ಸೀಸನ್ನಿನ ಸೀರೆಗಳ ರಾಶಿ ಬಂತು. ಅದರ ಮರುದಿನವೂ ಬಂತು. ಹೇಳದಿರಲು ದಿನಕ್ಕೊಂದು ಒಳ್ಳೆಯ ಕಾರಣ ಸಿಗುತ್ತಿತ್ತು.

ಮಳೆಗಾಲದ ಕೊನೆಗೆ ಒಂದು ದಿನ ಕುದುರೆಯ ಕಂತಿನ ಕೆಳಗೆ ಹೊಸ ಕಾಮೆಂಟ್ ಕಂಡಿತು. ಬರೆದವನ ಹೆಸರು ರಾಘು, ಹೇರೂರು. ‘ಅಗ್ನಿಶಿಖಾ ಮೇಡಂ, ನಮ್ಮ ತಾಲೂಕುಗಳ ಕಡೆ ಒಬ್ಬ ನಿಜವಾದ ಶಾಂತಮಲ್ಲ ಇದ್ದಾನೆ. ಬನವಾಸಿ ಕಡೆಯ ದನದ ದಲ್ಲಾಳಿ. ಗಬ್ಬದ ಆಕಳು ತೋರಿಸಿ, ಇದು ಬೇಡ, ಹೋದ ಸಲ ಕರು ಹಾಕಿದ ಮೇಲೆ ನೆಲ ಹಿಡಿದಿತ್ತು, ಏಳಲಾರದೆ ಬಿದ್ದಿತ್ತು ಅಂದ. ಥೇಟ್ ನಿಮ್ಮ ಮಂತ್ರಿಯದೇ ದನಿ. ಒಳ್ಳೇ ಆಕಳನ್ನ ಬೇರೆಯವರಿಗೆ ಇಟ್ಟುಕೊಂಡು ನನಗೆ ಬೇಡ ಅಂತಿದ್ದಾನೆ ಅಂತ ನಾನು ಅವನನ್ನು ಬಿಟ್ಟು ಮಾಲೀಕನ ಹತ್ತಿರ ನೇರ ಹೋಗಿ ತಗೊಂಡೆ. ಕರು ಹಾಕಿದ ಮರುದಿನ ಆಕಳು ಸತ್ತಿತು. ಈಗ ಅರ್ಥ ಆಯ್ತು, ನಾನು ಹಾಗೆ ತಿಳಿದುಕೊಳ್ಳಲಿ ಅಂತಲೇ ಅವನು ಬೇಡ ಅಂದದ್ದು. ನಿಮ್ಮ ಶಾಂತಮಲ್ಲನಿಗಿಂತ ಒಂದು ಕೈ ಮೇಲು.’

ಅದರ ಕೆಳಗೆ ನಗುವ ಮುಖಗಳ ಸಾಲು. ‘ವಿಳಾಸ ಕೊಡಿ, ಕಾಲಿಗೆ ಬೀಳಬೇಕು’ ಎಂದು ಒಬ್ಬ. ‘ಇಂಥವರನ್ನ ಊರೊಳಗೆ ಬಿಡಬಾರದು’ ಎಂದು ಇನ್ನೊಬ್ಬ.

ಗಂಗಾಂಬಿಕಾ ಅಂಗಡಿಯ ಶಟರ್ ಅರ್ಧ ಎಳೆದು ನೆಲದ ಮೇಲೆ ಕೂತಳು. ಕಾಕಾ ಅಂದದ್ದು ಪೂರಾ ನಿಜ. ಆಕಳ ದೋಷ ಮೊದಲು ಹೇಳಬೇಕೆಂಬುದು ಅವನ ನೇಮ. ಆ ನಿಜವನ್ನು ಕೇಳಿದವನ ಕಿವಿಯಲ್ಲಿ ಮಾತ್ರ ಮೊದಲೇ ಅವಳ ಕತೆ ಕೂತಿತ್ತು. ಕುದುರೆಯೊಂದನ್ನು ಕಮರಿಗೆ ಕೆಡವಿ ಅವಳು ಚಪ್ಪಾಳೆ ಗಿಟ್ಟಿಸಿದ್ದಳು; ಈಗ ನಿಜವಾದ ಆಕಳೊಂದು ಬಿದ್ದಿತ್ತು.

ಆಗಲಾದರೂ ಎದ್ದು ಬನವಾಸಿ ಬಸ್ಸು ಹತ್ತಬೇಕಿತ್ತು. ಅವಳು ಹತ್ತಲಿಲ್ಲ. ಕತೆಯಿಂದ ಆದದ್ದನ್ನು ಕತೆಯಿಂದಲೇ ಸರಿಮಾಡುತ್ತೇನೆ ಎಂದುಕೊಂಡಳು. ಅದು ಹೇಡಿತನವೆಂದು ಒಳಗೊಂದು ದನಿ ಹೇಳುತ್ತಲೇ ಇತ್ತು, ಆದರೂ ಫೋನನ್ನು ದಾರದ ಡಬ್ಬಿಗೆ ಒರಗಿಸಿದಳು. ಏಳನೆಯ ಬಾಗಿಲಿನಲ್ಲಿ ಸತ್ಯದೇವಿಯ ಮುಂದೆ ಶಾಂತಮಲ್ಲ ನಿಲ್ಲುತ್ತಾನೆ. ಅಲ್ಲಿ ಸುಳ್ಳಾಡಿದವರು ಬೂದಿಯಾಗುತ್ತಾರೆ. ಅವನು ತಾನು ಯಾರನ್ನೂ ಮೋಸ ಮಾಡಿಲ್ಲ, ಗೊರಸಿನ ಹರಳು ಇನ್ನೊಬ್ಬನದು, ತಾನು ಕಂಡದ್ದನ್ನು ಕಂಡಂತೆ ಹೇಳಿದೆ ಎನ್ನುತ್ತಾನೆ, ಅಳುತ್ತಾನೆ, ಬೂದಿಯಾಗುವುದಿಲ್ಲ. ಬರೆಯುತ್ತ ಗಂಗಾಂಬಿಕಾ ತಾನೂ ಅತ್ತಳು.

ಕಂತು ಹೊರಬಿದ್ದ ದಿನ ಓದುಗರು ಹುಚ್ಚೆದ್ದರು. ‘ದೇವಿಗೇ ಟೋಪಿ ಹಾಕಿದ ಭೂಪ!’ ‘ಇಲ್ಲೀತನಕದ ಸುಳ್ಳುಗಳೆಲ್ಲ ಬರೀ ತಾಲೀಮು, ಇದು ನಿಜವಾದ ಸುಳ್ಳು!’ ‘ಬೂದಿ ಆಗದ ಹಾಗೆ ಏನು ಮಂತ್ರ ಮಾಡಿಕೊಂಡಿದ್ದ, ಬೇಗ ಹೇಳಿ.’

ಸುನೀಲನ ಫೋನೂ ಬಂತು. "ಅಕ್ಕಾ, ಎಂಥಾ ಟ್ವಿಸ್ಟು! ದೇವಿ ಮುಂದೆ ಅವ ಅಳ್ತಾನಲ, ಆವಾಗ ಒಳಗೊಳಗೇ ನಗ್ತಾ ಇರೋ ಹಂಗೆ ದನಿ ಕೊಟ್ಟೆ. ಸರಿ ಆಯ್ತಲ್ದಾ?"

"ಅಂವಾ ಖರೇನ ಅಳಾಕತ್ತಿದ್ದ, ಸುನೀಲ," ಎಂದಳು ಅವಳು.

ಸುನೀಲ ಜೋರಾಗಿ ನಕ್ಕ. "ನೀವು ಭಾರೀ ಅಕ್ಕಾ. ನನ್ನೂ ಏಮಾರ್ಸ್ಲಿಕ್ಕೆ ಹೊರಟ್ರಿ!"

ಮರುದಿನ ಬೆಳಿಗ್ಗೆ ಅವಳು ಸದಾಶಿವನಿಗೆ ಎಲ್ಲ ಹೇಳಿ ತವರಿಗೆ ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಹೇಗೆ ಜೋಡಿಸಿದರೂ ಅದು ಶಾಂತಮಲ್ಲನ ಮಾತಿನ ಹಾಗೆ ನಯವಾಗಿ ಬರುತ್ತಿತ್ತು. ಕೊನೆಗೆ ಜೋಡಿಸುವುದನ್ನೇ ಬಿಟ್ಟಳು.

ಚಿಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇವಳನ್ನು ನೋಡಿ ಮೊರ ಕೆಳಗಿಟ್ಟಳು, ಮೇಲೇಳಲಿಲ್ಲ. "ನಿಮ್ಮ ಕಾಕಾ ಹಿತ್ತಲದಾಗ ಅದಾರ. ವ್ಯಾಪಾರಕ್ಕ ಹೋಗಿಲ್ಲ. ಯಾರೂ ಕರದಿಲ್ಲ."

"ಚಿಗವ್ವ, ನಾ ಒಂದು ಮಾತು..."

"ಗೊತ್ತೈತಿ," ಎಂದಳು ಸಿದ್ದವ್ವ. ದನಿ ಏರಲಿಲ್ಲ. "ಆ ಹೇರೂರ ಹುಡುಗ ಬಂದಿದ್ದ. ಡೇರಿ ಮುಂದ ಮಂದಿ ಕೂಡಿಸಿ ಫೋನಿನ್ಯಾಗ ಆ ಕತಿ ಹಚ್ಚಿ, ನೋಡ್ರಿ, ಇವನ ದನಿ, ಇವನ ಮಾತು ಅಂದ. ನಾನೂ ಹಾಲು ಹಾಕಾಕ ಹೋಗಿದ್ದೆ. ಕುದುರಿ ಕಾಲಿಂದು ಆ ಮಾತು ಬಂತಲ್ಲ, ನಿಮ್ಮ ಕಾಕಾನ ಮಾರಿ ನಾ ನೋಡಿದೆ. ಆ ಮಾತ ಅವರು ಆಡಿದ್ದು ನಿನ್ನ ಕೂಡ. ನಾ ಬಾಜೂಕ ಕುಂತಿದ್ದೆ, ನೀ ಫೋನ್ ಮಾಡಿದ್ದಿ."

ಗಂಗಾಂಬಿಕಾ ಅಂಗಳದ ಅಂಚಿನಲ್ಲೇ ಕೂತುಬಿಟ್ಟಳು.

"ಇದನ್ನ ಬರದಾಂವ ನಿನ್ನ ಬಲ್ಲಾಂವನಽ ಇರಬೇಕು, ಯಾರು ಹೇಳು ಅಂತ ಡೇರಿ ಬಸಪ್ಪ ನಿಮ್ಮ ಕಾಕಾಗ ಕೇಳಿದ. ಅವರು, ನನಗ ಗೊತ್ತಿಲ್ಲ ಅಂದ್ರು. ಮತ್ತೊಮ್ಮೆ ಕೇಳಿದ. ಮತ್ತೂ ಗೊತ್ತಿಲ್ಲ ಅಂದ್ರು." ಸಿದ್ದವ್ವ ಮೊರ ಎತ್ತಿಕೊಂಡಳು. "ನಾ ಮದುವಿ ಆಗಿ ಬಂದಾಗಿಂದ ಅವರ ಬಾಯಾಗ ಸುಳ್ಳು ಕೇಳಿದ್ದು ಅದೊಂದು. ಹೋಗು, ಹಿತ್ತಲದಾಗ ಅದಾರ."

ಕಾಕಾ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. ಅವಳು ಎದುರಿಗೆ ಕೂತು ಅವನ ಕಾಲು ಹಿಡಿದಳು. ಜೋಡಿಸಿದ ಮಾತು ಒಂದೂ ಬರಲಿಲ್ಲ. ಅವನು ಕಾಲು ಬಿಡಿಸಿಕೊಂಡು, "ಏಳು, ಏಳು, ಕಾಲು ರಾಡಿ ಆಗ್ಯಾವ" ಎಂದ.

"ಹೆಸರು ಹೇಳಿಬಿಡೂದಿತ್ತು ಕಾಕಾ. ಯಾಕ ಗೊತ್ತಿಲ್ಲ ಅಂದಿ?"

"ಆ ಹುಡುಗ ಸಿಟ್ಟಿನ್ಯಾಗ ಇದ್ದ. ನಿನ್ನ ಅಂಗಡಿ ಮುಂದ ಬಂದು ನಿಂತಿದ್ದಂದ್ರ?" ಅವನು ಹಗ್ಗದ ಎಳೆಗಳನ್ನೇ ನೋಡುತ್ತಿದ್ದ. "ನೀ ಒಂದು ಮಾತು ಕೇಳಿದ್ರ ನಾನಽ ಕೊಡ್ತಿದ್ದೆನಲ್ಲವ್ವ. ದನಿ ಏನು ದೊಡ್ಡದು. ನೀ ದನಿ ಕೇಳಬೇಕು ಅನ್ನಿಸ್ತು ಅಂದಿ. ನಾ ಊರೆಲ್ಲ ಹೇಳ್ಕೊಂಡು ಅಡ್ಡಾಡಿದೆ, ನಮ್ಮ ಗಂಗವ್ವ ನನ್ನ ದನಿ ಕೇಳಾಕ ಫೋನ್ ಮಾಡಿದ್ಲು ಅಂತ."

ಇದಕ್ಕಿಂತ ಅವನು ಒಂದೇಟು ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ತಲೆ ತಗ್ಗಿಸಿ ಅಳುತ್ತಿರುವಾಗ ಅವನು ಹಗ್ಗ ಪಕ್ಕಕ್ಕಿಟ್ಟ.

"ನಂದು ಹೋಗ್ಲಿ. ವಯಸ್ಸಾತು, ಇನ್ನೆಷ್ಟು ವ್ಯಾಪಾರ. ಆದ್ರ ಆ ಆಕಳ ಸತ್ತದ್ದು ನನಗ ನಿದ್ದಿ ಕೊಡವಲ್ದು. ಎಷ್ಟು ಸಾಧು ಆಕಳ ಅದು. ಆ ಹುಡುಗ ಕೆಟ್ಟಾಂವ ಅಲ್ಲ. ನಾ ಮೋಸ ಮಾಡೀನಿ ಅಂತ ತಿಳಕೊಂಡು ಅಂವಾ ಇನ್ನ ಮುಂದ ಯಾರ ಖರೇ ಮಾತೂ ನಂಬೂದಿಲ್ಲ. ಅವಂಗ ಹೋಗಿ ಹೇಳು. ನನ್ನ ಸಲುವಾಗಿ ಅಲ್ಲ."

ಆ ವಾರವೇ ಸದಾಶಿವ ರಿಕ್ಷಾದಲ್ಲಿ ಅವಳನ್ನು ಸಿದ್ದಾಪುರದ ದಾರಿಯಲ್ಲಿ ಹೇರೂರಿಗೆ ಕರೆದುಕೊಂಡು ಹೋದ. ರಾಘು ಮೂವತ್ತು ದಾಟದ ಹುಡುಗ. ಅವನ ತಾಯಿ ಚೌಡಮ್ಮ ಕೊಟ್ಟಿಗೆಯ ಬಾಗಿಲಲ್ಲಿ ತಬ್ಬಲಿ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಗಂಗಾಂಬಿಕಾ ನಿಂತುಕೊಂಡೇ ಹೇಳಿದಳು: ಶಾಂತಮಲ್ಲನನ್ನು ಬರೆದವಳು ನಾನು, ದನಿ ನನ್ನ ಕಾಕಾನದು, ಅವನಿಗೆ ತಿಳಿಯದಂತೆ ತೆಗೆದುಕೊಂಡದ್ದು, ನಿಮಗೆ ಅವನು ಹೇಳಿದ್ದು ನಿಜ.

ರಾಘು ನಂಬಲಿಲ್ಲ. "ನಿಮ್ಮನ್ನ ಅವನೇ ಕಳ್ಸಿರ್ತ. ನೀವೇ ಅಗ್ನಿಶಿಖಾ ಅಂತ ಎಂತ ಗುರ್ತು?"

ಅವಳು ಫೋನು ತೆಗೆದು, ಇನ್ನೂ ಯಾರೂ ಓದದ ಮುಂದಿನ ಕಂತನ್ನು ತೋರಿಸಿದಳು. ಓದುತ್ತ ಓದುತ್ತ ಅವನ ಕಣ್ಣುಗಳು ಅರಳಿದವು. ಸಿಟ್ಟು ಎಲ್ಲಿ ಹೋಯಿತೋ. "ಅಯ್ಯೋ, ಹೌದು! ಅಕ್ಕಾ, ಹಂಗಾರೆ ದೇವಿ ಮುಂದೆ ಅವ ಬೂದಿ ಆಗಿಲ್ಲ ಅಂದ್ರೆ ಮಂತ್ರ ಎಂತದು? ವಜ್ರಕೇತು ಬದ್ಕಿದ್ದನಾ?"

ಗಂಗಾಂಬಿಕಾಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಉತ್ತರ ಕೊಟ್ಟದ್ದು ಚೌಡಮ್ಮ.

"ಮಂತ್ರ ಇರ್ಲಿ ಮಾರಾಯಾ," ಎಂದಳು ಅವಳು, ಕರುವಿನ ಬಾಯಿಂದ ಬಾಟಲಿ ತೆಗೆಯದೆ. "ಆ ಅಜ್ಜ ಬ್ಯಾಡ ಬ್ಯಾಡ ಅಂತ ಹೇಳಿದ್ನಾ ಇಲ್ವಾ ನಿಂಗೆ?"

"ಹೇಳಿದ್ದ."

"ಕತೆ ಕೇಳಿ ನೀ ತಂದೆ. ಅವ ಎಂತ ಮೋಸ ಮಾಡ್ದ?"

ರಾಘು ಫೋನನ್ನು ಗಂಗಾಂಬಿಕಾಳ ಕೈಗೆ ತಿರುಗಿ ಕೊಟ್ಟ. ಕರುವಿನ ಬೆನ್ನು ಸವರಿ, "ಡೇರಿ ಮುಂದೆ ಹೋಗಿ ನಾನೇ ಹೇಳ್ತೆ" ಎಂದ. ಚೌಡಮ್ಮ ಗಂಗಾಂಬಿಕಾಳನ್ನು ಕೂತುಕೊಳ್ಳಲು ಹೇಳಲಿಲ್ಲ, ಹೊರಡುವಾಗ ಮಾತ್ರ, "ಕರು ಹೆಣ್ಣು. ಉಳ್ಕಳ್ತದೆ" ಎಂದಳು.

ರಾಘು ಮಾತಿನಂತೆ ನಡೆದುಕೊಂಡ. ಬನವಾಸಿ ಕಡೆಯ ಆ ಡೇರಿಗೆ ಹೋಗಿ, ತಪ್ಪು ತನ್ನದೆಂದು ನಾಲ್ಕು ಜನರೆದುರು ಹೇಳಿದ. ಆ್ಯಪಿನಲ್ಲೂ ಬರೆದ. ಅದರ ಕೆಳಗೆ ಯಾರೋ, ‘ಬಾಯಿ ಮುಚ್ಚಲು ಶಾಂತಮಲ್ಲ ಎಷ್ಟು ಕೊಟ್ಟ?’ ಎಂದು ಕೇಳಿದ್ದರು. ಗಂಗಾಂಬಿಕಾ ಮುಂದಿನ ಕಂತಿನ ತಲೆಯಲ್ಲೇ ತನ್ನ ನಿಜವಾದ ಹೆಸರು, ಊರು ಹಾಕಿ, ಶಾಂತಮಲ್ಲನ ಮಾತಿನ ರೀತಿ ಒಬ್ಬ ಪ್ರಾಮಾಣಿಕ ಮನುಷ್ಯನಿಂದ ಕದ್ದದ್ದೆಂದು ಬರೆದಳು. ಕೆಲವರು ಮೆಚ್ಚಿದರು. ಹಲವರು ಇದು ಪ್ರಚಾರದ ಹೊಸ ಉಪಾಯ ಎಂದರು. ಅವಳು ನಾಲ್ಕಾರು ಕಂತಿನಲ್ಲಿ ಕತೆ ಮುಗಿಸಿಬಿಟ್ಟಳು. ಕಾಕಾನ ದನಿಯ ಕಂತುಗಳನ್ನು ತೆಗೆಯಿರೆಂದು ಕಂಪನಿಗೆ ಬರೆದರೆ, ಕೊಟ್ಟ ಹಕ್ಕು ಕೊಟ್ಟಾಯಿತು ಎಂಬ ಉತ್ತರ ಬಂತು. ಅವು ಈಗಲೂ ಓಡುತ್ತಿವೆ. ಅಂಗಡಿಯ ಎದುರಿನ ಗ್ಯಾರೇಜಿನಿಂದ ಆ ದನಿ ಕೇಳಿಬಂದರೆ ಅವಳು ಹೊಲಿಗೆ ಯಂತ್ರ ಶುರುಮಾಡುತ್ತಾಳೆ, ಕೆಳಗೆ ಬಟ್ಟೆ ಇಲ್ಲದಿದ್ದರೂ.

ಕಾಕಾನ ವ್ಯಾಪಾರ ಮೊದಲಿನಂತಾಗಲಿಲ್ಲ. ಹಳೇ ಗಿರಾಕಿಗಳು ಕೆಲವರು ಬರುತ್ತಾರೆ. ಹೊಸಬರು ಮುಗುಳ್ನಗುತ್ತ ಬರುತ್ತಾರೆ, ಆ ನಗು ಅವನಿಗೆ ಆಗದು. ಮನೆಯ ಎರಡು ಆಕಳು ನೋಡಿಕೊಂಡಿದ್ದಾನೆ. ಅವಳ ಮೇಲೆ ಅವನಿಗೆ ಸಿಟ್ಟಿಲ್ಲ, ಅಥವಾ ಇದ್ದರೂ ತೋರಿಸಿಲ್ಲ.

ಈ ಸಲದ ಪಂಚಮಿಗೆ ಅವನೇ ಫೋನು ಮಾಡಿ ಕರೆದ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ತಪ್ಪಿಸಬೇಡ ಎಂದ. ಗಂಗಾಂಬಿಕಾ ಹೋದಳು. ಕಾಕಾ ಬಸ್ಸಿನ ತನಕ ಬಂದು ಅವಳ ಚೀಲ ಹಿಡಿದುಕೊಂಡ. ದಾರಿಯಲ್ಲಿ ಮಳೆ, ಬೆಳೆ, ಬೇರೆ ಬೇರೆ ಮಾತಾಡಿದ. ಮನೆಯ ಹೊಸ್ತಿಲ ಬಳಿ ಸಿದ್ದವ್ವ ನಿಂತಿದ್ದಳು. ಇವಳ ತಲೆ ಬಾಚಿ ಹೆರಳು ಹಾಕಿದವಳು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು. ಇಷ್ಟು ವರ್ಷವೂ "ಬಾರಽ ನನ್ನವ್ವ" ಎಂದು ಕರೆದ ಬಾಯಿ ಅದು.

"ಬರ್ರಿ," ಎಂದಳು ಸಿದ್ದವ್ವ. "ಕುಂದರ್ರಿ."

ಪರರ ಮನೆಯ ಹೆಂಗಸಿಗೆ ಕೊಡುವ ಮರ್ಯಾದೆ ಅದು. ಅದರಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ. ಚಾಪೆ ಹಾಸಿದಳು, ಕಾಲಿಗೆ ನೀರು ಕೊಟ್ಟಳು, ತಟ್ಟೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಇಟ್ಟುಕೊಟ್ಟಳು. ಗಂಗಾಂಬಿಕಾ ಉಂಡಿ ಮುರಿದು ಬಾಯಿಗಿಟ್ಟಳು. ಬೆಲ್ಲದ ಪಾಕ ಎಂದಿನಂತೆಯೇ ಹದವಾಗಿತ್ತು.

"ಇನ್ನೊಂದು ತಗೋರಿ," ಎಂದಳು ಸಿದ್ದವ್ವ.

ಗಂಗಾಂಬಿಕಾ ತಲೆಯೆತ್ತದೆ ಇನ್ನೊಂದನ್ನು ತೆಗೆದುಕೊಂಡಳು.